ಅರ್ಥವಾಗದವಳ ಮುಂದೆ

ನಮ್ಮ ಮಾತು ಸ್ಪೇನಿನವರಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ತಮ್ಮ ಮಾತೂ ನಮಗೆ ಅರ್ಥವಾಗುವುದಿಲ್ಲ ಎಂದು ಅವರು ಗಟ್ಟಿಯಾಗಿ ನಂಬಿದ್ದಾರೆ. ಹೊಳೆಯ ಈಚೆ ದಂಡೆಯ ನಾವು ಪೋರ್ಚುಗೀಸರು ಈ ನಂಬಿಕೆಯನ್ನು ತಿದ್ದಲು ಯಾವತ್ತೂ ಹೋಗಿಲ್ಲ. ಯಾಕೆ ಹೋಗಬೇಕು? ಅವರು ಒಂದೊಂದು ಅಕ್ಷರವನ್ನೂ ಬಿಡಿಸಿ ಬಾಯಿ ತುಂಬ ಮಾತಾಡುವವರು. ನಾವು ಅರ್ಧ ಸ್ವರಗಳನ್ನು ನುಂಗಿ, ಉಳಿದರ್ಧವನ್ನು ಮೂಗಿನಲ್ಲಿ ಬಿಡುವವರು. ಎರಡು ಭಾಷೆಗಳೂ ಒಂದೇ ಮನೆಯಲ್ಲಿ ಹುಟ್ಟಿದವು, ನಿಜ. ಆದರೆ ಅಕ್ಕನ ಮಾತು ತಂಗಿಗೆ ತಿಳಿಯುತ್ತದೆ, ತಂಗಿಯದು ಅಕ್ಕನ ತಲೆಗೆ ಹೋಗುವುದಿಲ್ಲ.

ನಮ್ಮೂರಿನ ದಿಯೊಲಿಂದಾ ಈ ತಪ್ಪು ನಂಬಿಕೆಯ ಒಳಗೇ ಹತ್ತೊಂಬತ್ತು ಚಳಿಗಾಲ ಕಳೆದಳು.

ಪ್ರತಿ ಜನವರಿಯಲ್ಲಿ ಮೂರು ದಿನ ಅವಳು ಗಿರಣಿಯ ಕಟ್ಟೆಯ ಮೇಲೆ ಲಂಗ ಎತ್ತಿಕಟ್ಟಿ ನಡೆದು ಹೊಳೆ ದಾಟುತ್ತಿದ್ದಳು. ಆಚೆ ದಂಡೆಯ ಸ್ಪೇನಿನ ಹಳ್ಳಿ ವಾಲ್ದೆಹಾರಾದಲ್ಲಿ ಬಸಿಲಿಸಾಳ ಮನೆಯ ಹಂದಿ ಕಡಿಯುವ ದಿನಗಳು ಅವು. ಎರಡೂ ಕಡೆಯ ಗಡಿ ಕಾವಲಿನವರು ಆ ಮೂರು ದಿನ ಬೇರೆ ಕಡೆ ನೋಡುತ್ತಿದ್ದರು, ಯಾಕೆಂದರೆ ಕೊನೆಯ ದಿನ ಇಬ್ಬರ ಚೌಕಿಗೂ ಕರುಳಿಗೆ ಮಾಂಸ ತುಂಬಿದ ಸಾಸೇಜು ಒಂದೊಂದು ಸರ ತಲುಪುತ್ತಿತ್ತು. ಮಾಂಸಕ್ಕೆ ಉಪ್ಪು, ಬೆಳ್ಳುಳ್ಳಿ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಪುಡಿ ಬೆರೆಸುವುದರಲ್ಲಿ ದಿಯೊಲಿಂದಾಳ ಕೈಗೆ ಸಮನಾದ ಕೈ ಎರಡು ದಂಡೆಯಲ್ಲೂ ಇರಲಿಲ್ಲ. ಬೆರೆಸಿದ ಮೇಲೆ ಒಂದು ಚಿಟಿಕೆ ಮಾಂಸವನ್ನು ಬಾಣಲೆಯಲ್ಲಿ ಹುರಿದು ಅವಳ ಬಾಯಿಗೆ ಕೊಡಬೇಕು. ಅವಳು ತಲೆ ಆಡಿಸಿದರೆ ಕರುಳಿಗೆ ತುಂಬುವ ಕೆಲಸ ಶುರು. ಆಡಿಸದಿದ್ದರೆ ಇಲ್ಲ. ಆ ಒಂದು ಗಳಿಗೆಯಲ್ಲಿ ಮನೆಯ ಯಜಮಾನಿಯೂ ಅವಳ ತಲೆಯನ್ನೇ ನೋಡುತ್ತ ನಿಲ್ಲಬೇಕಿತ್ತು. ಬಡವರ ಮನೆಯ ಹೆಂಗಸಿಗೆ ವರ್ಷಕ್ಕೊಮ್ಮೆ ಸಿಗುವ ಈ ಗೌರವ ಚಿಕ್ಕದೇನಲ್ಲ.

ಮೊದಲ ವರ್ಷ ಅವಳಿಗೆ ಇಪ್ಪತ್ತನಾಲ್ಕು. ಅಡಿಗೆಮನೆಯಲ್ಲಿ ಯಾರೋ ಏನೋ ಕೇಳಿದರು, ಅವಳು ಪೋರ್ಚುಗೀಸಿನಲ್ಲಿ ಉತ್ತರ ಕೊಟ್ಟಳು, ಹೆಂಗಸರೆಲ್ಲ ನಕ್ಕರು. ನೆರೆಮನೆಯ ತೋಮಾಸಾ, ಇವಳಿಗೆ ನೆಗಡಿಯಾಗಿದೆಯೋ ಇದೇ ಇವಳ ಭಾಷೆಯೋ ಎಂದು ಹಾಸ್ಯ ಮಾಡಿದಳು. ಆಮೇಲಿಂದ ಅವಳ ಜೊತೆ ಮಾತೆಲ್ಲ ಕೈಸನ್ನೆಯಲ್ಲಿ, ಕಿವುಡರ ಹತ್ತಿರ ಕಿರುಚುವ ಹಾಗೆ ಕಿರುಚಿ ನಡೆಯಿತು. ದಿಯೊಲಿಂದಾ ಮುಖ ಗಂಟು ಹಾಕಿಕೊಂಡು ಸುಮ್ಮನಾದಳು. ಅವರ ಭಾಷೆಯಲ್ಲೇ ಮಾತಾಡಬಹುದಿತ್ತಲ್ಲ ಎಂದರೆ, ಗಡಿಯ ಮರ್ಯಾದೆ ಗೊತ್ತಿಲ್ಲದವರು ಹೇಳುವ ಮಾತು ಅದು. ಇಲ್ಲಿ ಅವರವರು ಅವರವರ ಭಾಷೆ ಆಡಬೇಕು. ಇನ್ನೊಬ್ಬರ ಭಾಷೆಯನ್ನು ಅರೆಬರೆ ಆಡಿದವರನ್ನು ಅವರೂ ಆಡಿಕೊಳ್ಳುತ್ತಾರೆ, ನಮ್ಮವರೂ ಆಡಿಕೊಳ್ಳುತ್ತಾರೆ.

ಕರುಳು ತೊಳೆಯುವುದು ಗಲೀಜು ಕೆಲಸ, ಮನೆಯ ಹಿಂದಿನ ತೊರೆಯಲ್ಲಿ, ಕೊರೆಯುವ ನೀರಿನಲ್ಲಿ. ಬೇರೆ ಹೆಂಗಸರು ಅದಕ್ಕೆ ಬರುತ್ತಿರಲಿಲ್ಲ. ಆದರೆ ಬಸಿಲಿಸಾ ಯಜಮಾನಿಯಾದರೂ ಆ ಕೆಲಸವನ್ನು ಯಾರ ಕೈಗೂ ಬಿಟ್ಟುಕೊಡುತ್ತಿರಲಿಲ್ಲ. ಹೀಗಾಗಿ ವರ್ಷಕ್ಕೊಂದು ಬೆಳಗ್ಗೆ ಅವರಿಬ್ಬರೇ ಕಲ್ಲಿನ ಮೇಲೆ ಎದುರುಬದುರು ಕೂತು, ಕರುಳನ್ನು ಕಡ್ಡಿಯಿಂದ ಒಳಹೊರಗು ಮಾಡಿ, ಉಪ್ಪು ಮತ್ತು ಕಿತ್ತಳೆ ಸಿಪ್ಪೆ ಹಾಕಿ ಉಜ್ಜುತ್ತಿದ್ದರು. ಅಲ್ಲಿ ಬಸಿಲಿಸಾ ಮಾತಾಡತೊಡಗಿದಳು.

ಮೊದಮೊದಲು ಅದು ಗೊಣಗಾಟವಾಗಿತ್ತು. ಆಮೇಲೆ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂತು. ಮಗಳು ಅರಸೆಲಿ ಹುಟ್ಟುವ ಮುಂಚೆ ಸತ್ತೇ ಹುಟ್ಟಿದ ಗಂಡುಮಗು, ಅದರ ಉಗುರುಗಳು ಎಷ್ಟು ಚಂದವಿದ್ದವು ಎಂಬುದು. ಅತ್ತೆ ಸಾಯಲಿ ಎಂದು ಒಂದು ರಾತ್ರಿ ಹರಕೆ ಹೊತ್ತದ್ದು, ವಾರದೊಳಗೆ ಅತ್ತೆ ಸತ್ತೇಬಿಟ್ಟಾಗ ಹುಟ್ಟಿದ ಭಯ. ಗಂಡ ಎಮೆತೆರಿಯೊ ಒಳ್ಳೆಯವನೇ, ಆದರೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವಳ ಮುಖ ನೋಡಿ ಏನಾಯಿತು ಎಂದು ಕೇಳಿದವನಲ್ಲ. ಪಾದ್ರಿಗೂ ಹೇಳದ್ದನ್ನು ಅವಳು ಆ ಕಲ್ಲಿನ ಮೇಲೆ ಹೇಳಿದಳು. ಎದುರಿಗಿರುವವಳಿಗೆ ಒಂದಕ್ಷರವೂ ತಿಳಿಯುವುದಿಲ್ಲವಲ್ಲ. ನಡುನಡುವೆ, ಈ ಪೋರ್ಚುಗೀಸಳ ಕೈ ಬಂಗಾರ, ಮುಖ ಮಾತ್ರ ನಿಂಬೆಹಣ್ಣು ಹೀರಿದ ಹಾಗೆ ಎಂದು ಅವಳೆದುರೇ ಅವಳನ್ನು ಆಡಿಕೊಳ್ಳುವುದೂ ಇತ್ತು. ದಿಯೊಲಿಂದಾ ನಗು ತಡೆದುಕೊಳ್ಳಲು ಇನ್ನಷ್ಟು ಹುಳಿಮುಖ ಮಾಡುತ್ತಿದ್ದಳು.

ಹೇಳಿಬಿಡಬೇಕು ಎಂದು ಎರಡನೆಯ ವರ್ಷವೇ ಅವಳಿಗೆ ಅನಿಸಿತ್ತು. ಆದರೆ ಆ ಹೊತ್ತಿಗೆ ಮಗುವಿನ ಉಗುರಿನ ಮಾತು ಕಿವಿಗೆ ಬಿದ್ದಾಗಿತ್ತು. ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡಿಲ್ಲ ಎಂದು ಮಾಡಲಾಗುವುದಿಲ್ಲ. ಸುಮ್ಮನಿದ್ದಳು. ಕೇಳಿದ್ದನ್ನು ಗಂಡ ಫಿರ್ಮಿನುವಿಗೂ ಹೇಳಲಿಲ್ಲ, ಈಚೆ ದಂಡೆಯಲ್ಲಿ ಯಾರ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ. ಸೀಬೆಹಣ್ಣಿನಂಥ ಒಂದು ಹಣ್ಣಿನ ಗಟ್ಟಿ ಹಲ್ವ ಬಸಿಲಿಸಾಳ ಅಮ್ಮ ಮಾಡುತ್ತಿದ್ದಳಂತೆ, ಅದರ ರುಚಿ ಇನ್ನು ಸಿಗುವುದಿಲ್ಲ ಎಂದು ಒಂದು ವರ್ಷ ಅವಳು ಹಲುಬಿದ್ದಳು. ಮುಂದಿನ ವರ್ಷ ದಿಯೊಲಿಂದಾ ಅದನ್ನೇ ಮಾಡಿ ಎಲೆಯಲ್ಲಿ ಸುತ್ತಿ ತಂದುಕೊಟ್ಟಳು. ಇದು ಮಾತೆ ಮರಿಯಳ ಕೃಪೆ ಎಂದು ಬಸಿಲಿಸಾ ಶಿಲುಬೆಯ ಗುರುತು ಹಾಕಿಕೊಂಡಳು. ದಿಯೊಲಿಂದಾಳ ಕಿವಿಯ ಕೃಪೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಹದಿನೇಳನೆಯ ವರ್ಷ ದಿಯೊಲಿಂದಾ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆಯಲ್ಲಿ ಬಂದಳು. ಅವಳ ಒಬ್ಬನೇ ಮಗ ಅಲ್ಬಾನು, ಇಪ್ಪತ್ತು ವರ್ಷದವನು, ಆಫ್ರಿಕಾದಲ್ಲಿ ನಮ್ಮ ಸರ್ಕಾರ ನಡೆಸುತ್ತಿದ್ದ ಯುದ್ಧಕ್ಕೆಂದು ಹಡಗು ಹತ್ತಿದವನು ಪೆಟ್ಟಿಗೆಯಲ್ಲಿ ಬಂದಿದ್ದ. ಯಾರು ಹೋದರು ಎಂದು ಹೆಂಗಸರು ಸನ್ನೆಯಲ್ಲಿ ಕೇಳಿದರು. ಅವಳು ಹೇಳಿದಳು. ಸ್ವರ ನುಂಗಿ ಹೇಳಿದ ಆ ಮಾತು ಯಾರಿಗೂ ತಿಳಿಯಲಿಲ್ಲ. ಮುದುಕಿ ಅತ್ತೆ ಹೋಗಿರಬೇಕು ಎಂದು ತೋಮಾಸಾ ತೀರ್ಮಾನ ಕೊಟ್ಟು, ಅತ್ತೆಗೆ ಇಷ್ಟೊಂದು ಕಪ್ಪು ಯಾಕಂತೆ ಎಂದಳು. ನಾಲ್ಕು ಜನ ನಕ್ಕರು. ತೊರೆಯ ಹತ್ತಿರ ಕೂತಾಗ ದಿಯೊಲಿಂದಾಳ ಕಣ್ಣು ನಿಲ್ಲದೆ ಸುರಿಯಿತು. ಬಸಿಲಿಸಾ ತನ್ನ ಗೋಳು ನಿಲ್ಲಿಸಿ, ಪಾಪ ಚಳಿ ತಡೆಯುತ್ತಿಲ್ಲ ಎಂದುಕೊಂಡು, ಅವಳ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ಉಜ್ಜಿದಳು. ಅರ್ಥವಾಗದೆ ಮಾಡಿದ್ದಾದರೂ, ಮಗ ಹೋದ ಮೇಲೆ ದಿಯೊಲಿಂದಾಳ ಕೈಯನ್ನು ಅಷ್ಟು ಹೊತ್ತು ಹಿಡಿದವರು ಬೇರೆ ಯಾರೂ ಇರಲಿಲ್ಲ.

ಹತ್ತೊಂಬತ್ತನೆಯ ವರ್ಷ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತಾರರ ಜನವರಿ, ತೊರೆಯ ಅಂಚಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಬಸಿಲಿಸಾ ಬಲಗೈಯಲ್ಲಿ ಮಾತ್ರ ಉಜ್ಜುತ್ತಿದ್ದಳು. ಎಡಗೈಯನ್ನು ಮೈಗೆ ಒತ್ತಿ ಹಿಡಿದಿದ್ದಳು. ಒಂದು ಕರುಳು ಉಜ್ಜಿ ಮುಗಿಸಿದಳು. ಆಮೇಲೆ ಕರುಳಿನ ಕಡೆಯೇ ನೋಡುತ್ತ ಹೇಳಿದಳು.

"ಎಡಗಡೆ ಎದೇಲಿ ಗಂಟಾಗಿದೆ ಕಣೇ. ಆಗಸ್ಟ್ ಸುಗ್ಗಿಲಿ ಕಡಲೆಕಾಳಷ್ಟಿತ್ತು. ಈಗ ಓಕ್ ಕಾಯಷ್ಟಾಗಿದೆ. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು."

ದಿಯೊಲಿಂದಾಳ ಕೈಯ ಕಡ್ಡಿ ಕರುಳಿನಲ್ಲೇ ನಿಂತಿತು. ಮುಖ ಮಾತ್ರ ಎಂದಿನಂತೆ ಹುಳಿಯಾಗಿಯೇ ಇತ್ತು.

ಬಸಿಲಿಸಾ ಮುಂದುವರಿಸಿದಳು. ತನ್ನ ಮದುವೆಗೆ ಹದಿನೈದು ದಿನ ಇರುವಾಗ ಅಮ್ಮ ಹೋದಳು. ಡೋಲಿಲ್ಲ, ಕುಣಿತವಿಲ್ಲ, ತಾನು ಹೆಣದ ಮನೆಯಿಂದ ಹೆಣದ ಹಾಗೆ ಗಂಡನ ಮನೆಗೆ ಬಂದದ್ದು. ಈಗ ಅರಸೆಲಿಯ ಮದುವೆ ಜೂನ್‌ನಲ್ಲಿ. ಗಂಟಿನ ಸುದ್ದಿ ಹೊರಬಿದ್ದರೆ ಆ ಹುಡುಗಿ ಮದುವೆಯನ್ನೇ ಮುಂದೆ ಹಾಕುತ್ತಾಳೆ, ಹಾಸಿಗೆಯ ಪಕ್ಕ ಕೂರುತ್ತಾಳೆ. ಬೇಡ. ಮದುವೆ ಮುಗಿಯಲಿ, ಆಮೇಲೆ ಡಾಕ್ಟರು. ಅಷ್ಟರೊಳಗೆ ಏನಾದರೂ ಆದರೆ ದೇವರಿಚ್ಛೆ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದು ಅವಳು ಆಣೆ ಹಾಕಿಕೊಂಡಿದ್ದಳಂತೆ. ಇವಳಿಗೆ ಹೇಳಿದರೆ ಹೇಳಿದಂತಲ್ಲ ಎಂಬ ಧೈರ್ಯ ಅವಳದು.

ದಿಯೊಲಿಂದಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಜನವರಿಯಿಂದ ಜೂನ್, ಐದು ತಿಂಗಳು. ಕಡಲೆಕಾಳು ಓಕ್ ಕಾಯಾಗಲು ಐದೇ ತಿಂಗಳಾಗಿತ್ತು. ತಡೆಯಲಾಗಲಿಲ್ಲ. ಡಾಕ್ಟರ ಹತ್ತಿರ ಈಗಲೇ ಹೋಗಿ, ಕಾಯಬೇಡಿ ಎಂದು ತನ್ನ ಭಾಷೆಯಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದಳು. ಬಸಿಲಿಸಾ ತಲೆಯೆತ್ತಿ ಮಮತೆಯಿಂದ ನಕ್ಕಳು.

"ಹೌದೌದು, ಈ ಸಲ ಬಹಳ ಚಳಿ," ಎಂದಳು.

ಇನ್ನೊಮ್ಮೆ ಹೇಳಿದಳು. ಬಸಿಲಿಸಾ ಅವಳ ಮೊಣಕಾಲು ತಟ್ಟಿ, ಬೇಗ ಮುಗಿಸಿ ಒಲೆ ಹತ್ತಿರ ಹೋಗೋಣ ಎಂಬಂತೆ ಸನ್ನೆ ಮಾಡಿದಳು. ದಿಯೊಲಿಂದಾಳಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷ ಕಿವಿಯಲ್ಲಿ ತುಂಬಿಕೊಂಡಿದ್ದ ಭಾಷೆ ಅದು, ನಾಲಿಗೆ ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಅವಳು ಕರುಳನ್ನು ಕಲ್ಲಿನ ಮೇಲಿಟ್ಟು, ಬಾಯಿ ತುಂಬ ತೆರೆದು, ಸ್ಪೇನಿನವರ ಹಾಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದಳು.

"ಮದುವೆವರೆಗೂ ಕಾಯ್ಬೇಡಿ ಬಸಿಲಿಸಾ ಅಮ್ಮಾ. ಈ ವಾರಾನೇ ಡಾಕ್ಟರಿಗೆ ತೋರ್ಸಿ."

ಬಸಿಲಿಸಾಳ ಕೈಯಿಂದ ಕರುಳು ಜಾರಿ ನೀರಿನಲ್ಲಿ ಹೋಯಿತು. ಯಾರೂ ಅದನ್ನು ಹಿಡಿಯಲಿಲ್ಲ.

"ನಿಂಗೆ... ಎಷ್ಟ್ ವರ್ಷದಿಂದ ತಿಳೀತದೆ?"

"ಮೊದಲ್ನೇ ವರ್ಷದಿಂದ."

ಬಸಿಲಿಸಾಳ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು. ಮಗು, ಅತ್ತೆ, ಹರಕೆ, ಗಂಡ, ಒಂದೊಂದೂ ಅವಳ ಕಣ್ಣಲ್ಲಿ ಹಾದುಹೋಗುವುದು ದಿಯೊಲಿಂದಾಳಿಗೆ ಕಾಣುತ್ತಿತ್ತು.

"ಇಷ್ಟು ವರ್ಷ ನಿನ್ನೆದುರು ಬಟ್ಟೆ ಬಿಚ್ಕೊಂಡು ಕೂತಂಗಾಯ್ತಲ್ಲೇ," ಎಂದಳು ಬಸಿಲಿಸಾ. "ಕಳ್ಳಿ. ಎಂಥಾ ಕಳ್ಳಿ ನೀನು."

ದಿಯೊಲಿಂದಾ ಆ ಬೈಗುಳವನ್ನು ಒಪ್ಪಿಕೊಂಡಳು. ಆದರೆ ಹಟ ಬಿಡಲಿಲ್ಲ. ನೀವು ಹೇಳದಿದ್ದರೆ ಅರಸೆಲಿಗೆ ನಾನು ಹೇಳುತ್ತೇನೆ ಎಂದಳು. ಬಸಿಲಿಸಾ ಎದ್ದು ನಿಂತು, ಹಾಗೇನಾದರೂ ಮಾಡಿದರೆ ಈ ಊರಿನ ಹೆಂಗಸರು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ, ಅವರೂ ನಿನ್ನೆದುರು ಬಾಯಿಗೆ ಬಂದದ್ದೆಲ್ಲ ಆಡಿದ್ದಾರೆ, ಮುಂದಿನ ವರ್ಷದಿಂದ ಒಂದು ಹಂದಿಯ ಬಾಲ ಮುಟ್ಟಲೂ ನಿನ್ನನ್ನು ಕರೆಯುವುದಿಲ್ಲ ಎಂದು ಹೇಳಿ ಹೊರಟುಹೋದಳು. ಅದು ಸುಳ್ಳು ಬೆದರಿಕೆಯಲ್ಲ. ದಿಯೊಲಿಂದಾ ಉಳಿದ ಕರುಳನ್ನೆಲ್ಲ ಒಬ್ಬಳೇ ತೊಳೆದಳು. ವರ್ಷಕ್ಕೊಮ್ಮೆ ಅವಳ ತಲೆಯ ಕಡೆ ಎಲ್ಲರೂ ನೋಡುವ ಆ ಗಳಿಗೆ ಬಿಟ್ಟರೆ ಅವಳ ಬದುಕಿನಲ್ಲಿ ಈಗ ಉಳಿದಿದ್ದುದಾದರೂ ಏನು? ಮಗನ ಒಂದು ಫೋಟೋ, ನಾಲ್ಕು ಕೋಳಿ, ಮಾತು ಕಡಿಮೆಯಾದ ಗಂಡ.

ಮರುದಿನ ಮಧ್ಯಾಹ್ನ ಅಡಿಗೆಮನೆಯಲ್ಲಿ ದಿಯೊಲಿಂದಾ ಸೇರಿ ಏಳು ಹೆಂಗಸರು ಮರದ ಮರಿಗೆಯ ಸುತ್ತ ನಿಂತಿದ್ದರು. ಮೊಣಕೈಯವರೆಗೂ ಕೆಂಪು ಕೈಗಳು. ಬಸಿಲಿಸಾ ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ, ನಿನ್ನೆಯಿಂದ ದಿಯೊಲಿಂದಾ ಇದ್ದ ಕಡೆ ಕಣ್ಣು ಹಾಯಿಸದೆ ಕೂತಿದ್ದಳು. ಅರಸೆಲಿ ಒಂದು ಚಿಟಿಕೆ ಮಾಂಸ ಹುರಿದು ಮುಳ್ಳುಚಮಚದಲ್ಲಿ ತಂದುಕೊಟ್ಟಳು. ಮದುವೆಯ ಹುಡುಗಿ, ಮುಖದ ತುಂಬ ಬೆಳಕು. ದಿಯೊಲಿಂದಾ ಬಾಯಿಗೆ ಹಾಕಿ ಅಗಿದಳು. ಅಂಥ ಹದ ಅವಳ ಕೈಯಿಂದಲೂ ಹಿಂದೆಂದೂ ಬಂದಿರಲಿಲ್ಲ.

ಅವಳು ತಲೆ ಆಡಿಸಲಿಲ್ಲ.

ಉಪ್ಪು ಬೇಕೇ ಎಂದು ಸನ್ನೆಯಲ್ಲಿ ಕೇಳಿದರು. ಬೇಡ. ಮೆಣಸು? ಬೇಡ. ಎರಡನೆಯ ಚಿಟಿಕೆ ಬಂತು, ಮೂರನೆಯದು ಬಂತು. ಅವಳು ಅಗಿದು, ನುಂಗಿ, ಮೂಲೆಯಲ್ಲಿ ಕೂತವಳನ್ನು ನೋಡುತ್ತ ನಿಂತಳು. ಕರುಳುಗಳು ತಟ್ಟೆಯಲ್ಲಿ ಕಾದವು. ಬಸಿಲಿಸಾಳ ಬೆರಳುಗಳು ಬೆಳ್ಳುಳ್ಳಿಯ ಮೇಲೆ ನಿಂತುಹೋಗಿದ್ದವು. ಹೆಂಗಸರಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ತೋಮಾಸಾ ಸೊಂಟದ ಮೇಲೆ ಕೈಯಿಟ್ಟು, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು.

"ಇವಳ ನಾಲಿಗೆ ಸತ್ತಿದೆ ಕಣ್ರೇ. ವಯಸ್ಸಾಯ್ತು. ಮುಂದಿನ್ ವರ್ಷ ಬೇರೆ ಯಾರ್ನಾದ್ರೂ ನೋಡ್ಬೇಕು."

ದಿಯೊಲಿಂದಾ ಅವಳ ಕಡೆ ತಿರುಗಿದಳು. ಸ್ಪೇನಿನವರದೇ ಚೊಕ್ಕ ಕಾಸ್ತಿಲಿಯನ್ ಭಾಷೆಯಲ್ಲಿ, ಮೂಗಿನ ಸದ್ದೇ ಇಲ್ಲದೆ ಹೇಳಿದಳು.

"ನನ್ ನಾಲಿಗೆ ಚೆನ್ನಾಗೇ ಇದೆ ತೋಮಾಸಾ. ಉಪ್ಪೂ ಹದವಾಗೇ ಇದೆ. ಬಸಿಲಿಸಾ ಅಮ್ಮ ಮಗಳಿಗೆ ಒಂದ್ ಮಾತು ಹೇಳೋದಿದೆ. ಅದು ಆಗ್ಲಿ. ಆಮೇಲೆ ತುಂಬ್ಸೋಣ."

ಆರು ಹೆಂಗಸರು ಹತ್ತೊಂಬತ್ತು ವರ್ಷ ಈ ಕೋಣೆಯಲ್ಲಿ ತಾವು ಆಡಿದ್ದೆಲ್ಲವನ್ನೂ ನೆನಪು ಮಾಡಿಕೊಳ್ಳತೊಡಗಿದರು. ಒಬ್ಬಳು ನಾದಿನಿಯ ಬಗ್ಗೆ, ಒಬ್ಬಳು ಪಾದ್ರಿಯ ಬಗ್ಗೆ. ತೋಮಾಸಾಳಿಗೆ ನೆನಪಾದದ್ದು ಏನೋ, ಅವಳು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಅರಸೆಲಿ ಮಾತ್ರ ಅಮ್ಮನನ್ನು ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ಅವಳು ಮುಳ್ಳುಚಮಚ ಕೆಳಗಿಟ್ಟಳು.

ಬಸಿಲಿಸಾ ಎದ್ದು ಕೈ ಒರೆಸಿಕೊಂಡು, ಮಗಳ ತೋಳು ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಗೋಡೆಯಾಚೆಯಿಂದ ಹುಡುಗಿ ಅತ್ತದ್ದು ಕೇಳಿಸಿತು, ಆಮೇಲೆ ಅವಳೇ ಅಮ್ಮನನ್ನು ಬೈದದ್ದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ಒಳಗೆ ಬಂದು ಅಪ್ಪನನ್ನು ಕೂಗಿದಳು, ಕಾಸೆರೆಸ್ ಪಟ್ಟಣದ ಆಸ್ಪತ್ರೆಗೆ ಈಗಲೇ ಗಾಡಿ ತೆಗೆಯಬೇಕು ಎಂದಳು. ಅವಳ ಹಿಂದೆ ಬಸಿಲಿಸಾ ಮೇಲಂಗಿ ತೊಟ್ಟು ಬಾಗಿಲಲ್ಲಿ ನಿಂತಳು. ದಿಯೊಲಿಂದಾಳ ಮುಖ ನೋಡದೆ, ನೆಲಕ್ಕೆ ಹೇಳುವವಳ ಹಾಗೆ ಹೇಳಿದಳು.

"ಈಗ್ಲಾದ್ರೂ ತಲೆ ಆಡ್ಸು. ಮಾಂಸ ಕೆಡ್ತದೆ."

ದಿಯೊಲಿಂದಾ ತಲೆ ಆಡಿಸಿದಳು.

ಮೂರನೆಯ ದಿನ ಅವಳಿದ್ದ ಕಡೆ ಯಾರೂ ಮಾತಾಡಲಿಲ್ಲ. ಹರಟೆಗೆ ಎಲ್ಲರೂ ಅಂಗಳಕ್ಕೆ ಹೋಗುತ್ತಿದ್ದರು, ಅವಳು ಬಂದರೆ ಬಾಯಿ ಹೊಲಿದುಕೊಳ್ಳುತ್ತಿದ್ದರು. ಹೊರಡುವಾಗ ಅವಳ ಪಾಲಿನ ಮಾಂಸ ಕೊಟ್ಟರು, ಬರುವ ವರ್ಷ ನೋಡೋಣ ಎಂಬ ಮಾಮೂಲಿ ಮಾತು ಬರಲಿಲ್ಲ. ಮನೆಯಲ್ಲಿ ಫಿರ್ಮಿನು ಎಲ್ಲವನ್ನೂ ಕೇಳಿ, ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೈದ. ಆಮೇಲೆ ಅವನೇ, ಒಳ್ಳೆಯದು ಮಾಡಿದೆ ಬಿಡು ಎಂದ. ಫೆಬ್ರವರಿಯಲ್ಲಿ ಆಪರೇಷನ್ ಆಯಿತು ಎಂದು ಕಾವಲಿನವರು ಸುದ್ದಿ ತಂದರು. ಜೂನ್‌ನಲ್ಲಿ ಮದುವೆ. ಅವತ್ತು ಸಂಜೆ ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಡೋಲಿನ ಸದ್ದು ಹೊಳೆ ದಾಟಿ ಕೋಳಿಗೂಡಿನವರೆಗೂ ಬಂತು. ಕರೆಯದ ಮದುವೆಯ ಆ ಡೋಲನ್ನು ದಿಯೊಲಿಂದಾ ಕಾಳು ಚೆಲ್ಲುತ್ತ ಕೊನೆಯವರೆಗೂ ಕೇಳಿದಳು.

ಜುಲೈನ ಒಂದು ಬೆಳಗ್ಗೆ ಗಿರಣಿಯ ಕಟ್ಟೆಯ ಮೇಲೆ ಯಾರೋ ತಡವರಿಸುತ್ತ ಬರುವುದು ಕಂಡಿತು. ಬಸಿಲಿಸಾ. ಅವಳ ವಂಶದಲ್ಲೇ ಯಾರೂ ಈಚೆ ದಂಡೆಗೆ ಕಾಲಿಟ್ಟವರಲ್ಲ. ಅವರಿಗೆ ಕಾಫಿಪುಡಿ ಬೇಕಾದರೂ ನಾವೇ ಗಡಿ ದಾಟಿ ಹೊತ್ತುಕೊಂಡು ಹೋಗಬೇಕು, ಅವರು ಬರುವುದು ಅಂತ ಇಲ್ಲ. ಬಸಿಲಿಸಾ ಅರ್ಧಕ್ಕರ್ಧ ಸೊರಗಿದ್ದಳು. ಎಡಗೈ ಸರಿಯಾಗಿ ಮೇಲೇಳುತ್ತಿರಲಿಲ್ಲ. ದಿಯೊಲಿಂದಾ ನೀರಿಗಿಳಿದು ಅವಳ ಬಲಗೈ ಹಿಡಿದು ದಾಟಿಸಿದಳು.

ಮನೆಯೊಳಗೆ ಬಂದು ಬಸಿಲಿಸಾ ಮದುವೆಯ ಬಿಸ್ಕತ್ತುಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಬರುವ ಜನವರಿಯಲ್ಲಿ ಹಂದಿ ಎರಡು, ಬೇಗ ಬರಬೇಕು ಎಂದಳು. ಹೆಂಗಸರು ಏನನ್ನುತ್ತಾರೆ ಎಂದು ದಿಯೊಲಿಂದಾ ಕಾಸ್ತಿಲಿಯನ್‌ನಲ್ಲಿ ಕೇಳಿದಳು. ಅವರು ಬಾಯಿ ಬಿಗಿಹಿಡಿಯುವುದನ್ನು ಕಲಿಯಲಿ, ಆ ಊರಿಗೆ ಅದೂ ಬೇಕಾಗಿತ್ತು ಎಂದಳು ಬಸಿಲಿಸಾ. ಹಾಗೆನ್ನುತ್ತ ಅವಳ ಕಣ್ಣು ಗೋಡೆಯ ಫೋಟೋದ ಮೇಲೆ ನಿಂತಿತು. ಸೈನಿಕನ ಟೋಪಿ ಹಾಕಿದ ಹುಡುಗ, ದಿಯೊಲಿಂದಾಳದೇ ಹುಳಿಮುಖ, ಚೌಕಟ್ಟಿನ ಮೂಲೆಗೆ ಕಪ್ಪು ಪಟ್ಟಿ. ಬಸಿಲಿಸಾ ಫೋಟೋ ನೋಡಿದಳು, ದಿಯೊಲಿಂದಾಳ ಕಪ್ಪು ಬಟ್ಟೆ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಅತ್ತೆ ಅಂದ್ಕೊಂಡಿದ್ವಿ," ಎಂದಳು. "ಅಯ್ಯೋ, ನಾವ್ ನಕ್ಕಿದ್ವಲ್ಲೇ."

ದಿಯೊಲಿಂದಾ ಪರವಾಗಿಲ್ಲ ಎಂಬಂತೆ ಕೈ ಆಡಿಸಿ, ಏನೋ ಹೇಳಲು ಕಾಸ್ತಿಲಿಯನ್‌ನಲ್ಲಿ ಬಾಯಿ ತೆರೆದಳು. ಬಸಿಲಿಸಾ ತಡೆದಳು.

"ನಮ್ ಭಾಷೇಲಿ ಬೇಡ. ಹತ್ತೊಂಬತ್ತು ವರ್ಷ ನಾನು ನನ್ ಭಾಷೇಲಿ ಹೇಳಿದ್ದಾಯ್ತು. ಈಗ ನೀನು ನಿನ್ ಭಾಷೇಲಿ ಹೇಳು."

"ನಿಮಗೆ ತಿಳಿಯಲ್ಲ."

"ತಿಳಿಯೋವರ್ಗೂ ಹೇಳು."

ದಿಯೊಲಿಂದಾ ಕುರ್ಚಿ ಎಳೆದು ಎದುರು ಕೂತಳು, ತೊರೆಯ ಕಲ್ಲಿನ ಮೇಲೆ ಕೂತ ಹಾಗೆ. ಅಲ್ಬಾನು ಮೊದಲು ಆಡಿದ ಮಾತಿನಿಂದ ಶುರು ಮಾಡಿದಳು. ಅವನಿಗೆ ಗಿರಣಿಯ ಸದ್ದು ಎಂದರೆ ಭಯ ಇತ್ತು ಎಂದಳು, ಹಡಗು ಹತ್ತುವ ದಿನ ಅವನ ಬೂಟು ದೊಡ್ಡದಾಗಿತ್ತು ಎಂದಳು. ಸ್ವರಗಳು ನುಂಗಿಹೋದವು, ಮಾತು ಮೂಗಿಗೇರಿತು, ಅಳುವಿನಲ್ಲಿ ಇನ್ನಷ್ಟು ಕಲಸಿಹೋಯಿತು. ಬಸಿಲಿಸಾ ಮೇಜಿನ ಮೇಲೆ ಬಾಗಿ, ಹುಬ್ಬು ಗಂಟಿಕ್ಕಿ, ಅವಳ ತುಟಿಗಳನ್ನೇ ನೋಡುತ್ತ ಕೇಳಿದಳು. ಮೂರು ಮಾತಿಗೆ ಒಂದು ಸಿಗುತ್ತಿತ್ತು. ಸಿಗದಾಗ ಬೆರಳೆತ್ತಿ ನಿಲ್ಲಿಸುತ್ತಿದ್ದಳು.

"ಆ ಬೂಟಿನ್ ವಿಷ್ಯ ಇನ್ನೊಂದ್ಸಲ ಹೇಳು. ನಿಧಾನಕ್ಕೆ," ಎಂದಳು. "ನಂಗೀಗ ಟೈಮಿದೆ."